ಎಬ್ಬಿಸಿದವರು ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳೆಯ ಮನೆಗಳ ಅಟ್ಟ ಹುಡುಕಿದರೆ ಈಗಲೂ ಯಕ್ಷಗಾನದ ಕ್ಯಾಸೆಟ್ಟುಗಳು ಸಿಗುತ್ತವೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಹರೆಯದಲ್ಲೇ ತೀರಿಕೊಂಡರು. ಅವರ ಪದ ನಮ್ಮ ಮಕ್ಕಳಿಗೆ ದಕ್ಕಬೇಕಾದರೆ ಆ ಟೇಪುಗಳೇ ಗತಿ. ನಮ್ಮ ಮಳೆಗಾಲದ ಥಂಡಿಗೆ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮನೆಯಲ್ಲಿದ್ದುದನ್ನೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟೆ.

ಯಾರೂ ಮುಟ್ಟದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸಿ ಮಲಗಬೇಕು. ಇದು ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ಮೊದಲು ಗಮನಿಸಿದವರು ಅಮ್ಮ: "ಪೆಟ್ಗಿ ಮತ್ತ್ ಗುರ್ ಅಂತ್ ಕಾಣ್ ಮಗಾ." ಬೆಳಗಿನವರೆಗೆ ಆಟ ಕಂಡು ಬೆಳೆದವರ ಕಿವಿ ಅದು, ಚಂಡೆಯ ಒಂದು ಪೆಟ್ಟು ಆಚೀಚೆಯಾದರೂ ಹಿಡಿಯುತ್ತದೆ. ಇಂಥ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ನಿಂತಲ್ಲಿಂದ ಆ ವೇಗಕ್ಕೆ ಏರುವಾಗಲೇ ಮೋಟರಿಗೆ ಹೆಚ್ಚು ಶ್ರಮ, ಹೆಚ್ಚು ಕರೆಂಟು. ಸುಮ್ಮನೆ ಎದ್ದು ಮಲಗುವುದು ಡಿಸ್ಕಿಗೆ ಒಳ್ಳೆಯದಲ್ಲ.

ನನ್ನದು ಲಿನಕ್ಸ್ ಕಂಪ್ಯೂಟರು. ಅದರಲ್ಲಿ ಫ್ಯಾಟ್ರೇಸ್ ಎಂಬ ಸಣ್ಣ ಸಾಧನವಿದೆ. ಯಾವ ಪ್ರೋಗ್ರಾಮು ಯಾವ ಫೈಲನ್ನು ತೆರೆಯಿತು, ಓದಿತು, ಬರೆಯಿತು ಎಂದು ಅದು ಸಾಲುಸಾಲಾಗಿ ತೋರಿಸುತ್ತದೆ. (ವಿಂಡೋಸ್‌ನವರು ರಿಸೋರ್ಸ್ ಮಾನಿಟರಿನ ಡಿಸ್ಕ್ ಪುಟ ನೋಡಬಹುದು, ಅಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಹುಡುಕಾಟದ ಇಂಡೆಕ್ಸ್ ಇಲ್ಲವೇ ಆಂಟಿವೈರಸ್.) ಫ್ಯಾಟ್ರೇಸಿನ ಪಟ್ಟಿ ನೋಡಿದರೆ, ಪದ ಕೇಳಿಸುವ ಪ್ರೋಗ್ರಾಮೇ ಹೊಸ ಫೈಲು ಬಂದಿದೆಯೇ ಎಂದು ಫೋಲ್ಡರುಗಳನ್ನು ತಡಕುತ್ತಿತ್ತು. ಅದನ್ನು ನಿಲ್ಲಿಸಿದೆ.

ಡಿಸ್ಕು ಆಮೇಲೂ ಎದ್ದಿತು. ಈ ಸಲ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ! ನನಗೆ ದಾರಿ ತೋರಿಸಿದ್ದು ಆ ಖಾಲಿ ಪಟ್ಟಿಯೇ. ಫೈಲನ್ನು ಯಾರೂ ಮುಟ್ಟಿಲ್ಲವೆಂದರೆ, ಯಾರೋ ನೇರವಾಗಿ ಡಿಸ್ಕನ್ನೇ ಮಾತಾಡಿಸುತ್ತಿದ್ದಾರೆ. ಸ್ಮಾರ್ಟ್‌ಡಿ ಎಂಬ ಕಾವಲು ಪ್ರೋಗ್ರಾಮು ಮಾಮೂಲಿಯಾಗಿ 30 ನಿಮಿಷಕ್ಕೊಮ್ಮೆ ಡಿಸ್ಕಿನ ಆರೋಗ್ಯ ವಿಚಾರಿಸುತ್ತದೆ. ಮಲಗಿದ್ದರೆ ಎಬ್ಬಿಸಬೇಡ ಎಂದು ಅದಕ್ಕೆ ಹೇಳುವ ಸೌಲಭ್ಯವೂ ಇದೆ: ಸೆಟ್ಟಿಂಗಿನ ಫೈಲಿನಲ್ಲಿ ಒಂದು ಪುಟ್ಟ ಪದ ಸೇರಿಸಿದರಾಯಿತು. ಸೇರಿಸಿದ ಮೇಲೆ ಅಮ್ಮನ ದೂರು ನಿಂತಿತು.

ನಿಮ್ಮ ಮನೆಯಲ್ಲೂ ಹಳೆಯ ಆಟದ ಟೇಪುಗಳಿದ್ದರೆ ಬರುವ ಮಳೆಗಾಲದೊಳಗೆ ಇಳಿಸಿಕೊಳ್ಳಿ. ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಕೇಬಲ್ ಕಳಚಿ ಬೇರೆ ಮನೆಯಲ್ಲಿಡಿ.