ಹೊಲದ ಅಡಿಯ ಬೆಂಕಿ

ಜ್ವಾಲಾಮುಖಿ ಎಂದೊಡನೆ ನಮಗೆ ಜಪಾನ್, ಇಟಲಿ, ಇಂಡೋನೇಶಿಯಾ ನೆನಪಾಗುತ್ತವೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆದರೆ ಹಾವೇರಿ ಜಿಲ್ಲೆಯ ಈ ನಾಲ್ಕೂ ತಾಲೂಕುಗಳು ಕುಳಿತಿರುವುದು 250 ಕೋಟಿ ವರ್ಷಗಳಿಗೂ ಹಿಂದೆ ರೂಪುಗೊಂಡ ಪುರಾತನ ಶಿಲಾಖಂಡವೊಂದರ ಮೇಲೆ. ಅಲ್ಲಿನ ಕಲ್ಲುಗಳಿಗೆ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಟ್ಟ ಹೆಸರು 'ಧಾರವಾಡ'. ಜಗತ್ತಿನ ಭೂವಿಜ್ಞಾನಿಗಳಿಗೆ ಈ ಹೆಸರು ಗೊತ್ತು. ನಮಗೆ ಮಾತ್ರ ಧಾರವಾಡವೆಂದರೆ ಪೇಡೆ!

ಧಾರವಾಡ ಶಿಲೆಗಳಲ್ಲಿ ಕೆಲವು ಕಡಲ ತಳದಲ್ಲಿ ಉಕ್ಕಿದ ಲಾವಾ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಅದು ತಲೆದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ನೀರು ತಾಗಿದ ಕೂಡಲೇ ಹೊರಮೈ ಹೆಪ್ಪುಗಟ್ಟಿತು, ಒಳಗಿನ ಕೆಂಡದಂಥ ದ್ರವ ಉಬ್ಬಿತು, ಹಾಗೆ ಆದ ಆಕಾರವದು. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಾಲದ ಶಿಲ್ಪಿಗಳಿಗೆ ಒಲಿದ ಬಳಪದ ಕಲ್ಲಿನ ಮೂಲವೂ ಬಹುಮಟ್ಟಿಗೆ ಶಿಲಾಪಾಕವೇ, ಅಂದರೆ ಭೂಮಿಯೊಳಗೆ ಕರಗಿದ ಬಂಡೆ. ಶಾಖ, ಒತ್ತಡ, ನೀರು ಸೇರಿ ಮುಂದೆ ಅದನ್ನು ಮೆತ್ತಗೆ ಮಾಡಿದವು.

ಎಲ್ಲ ಶಿಲಾಪಾಕವೂ ಹೊರಗೆ ಉಕ್ಕುವುದಿಲ್ಲ. ರಾಮನಗರದ ಬೆಟ್ಟಗಳು ಭೂಮಿಯ ಆಳದಲ್ಲೇ ತಣಿದ ಗ್ರಾನೈಟು. ಅದನ್ನು ಅಭ್ಯಸಿಸಿದವರು ನಮ್ಮವರೇ ಆದ ಬಿ.ಪಿ. ರಾಧಾಕೃಷ್ಣ (1918–2012). ಇಷ್ಟು ಪುರಾತನ ಬೆಂಕಿಯ ಬೆನ್ನುಹತ್ತಿದ ಈ ವಿಜ್ಞಾನಿ ಇಳಿವಯಸ್ಸಿನಲ್ಲಿ ಬರಗಾಲದ ಬಗ್ಗೆ, ನೀರಿನ ಬಿಕ್ಕಟ್ಟಿನ ಬಗ್ಗೆ ಬರೆದರು. ನನಗಿದು ಆಕಸ್ಮಿಕವೆನಿಸುವುದಿಲ್ಲ.

ಏಕೆಂದರೆ ಶಿಲಾಪಾಕ ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದರೆ ನೆಲದೊಳಗೆ ಕಪ್ಪು ಗೋಡೆಯೊಂದು ಎದ್ದಂತೆ. ಅದಕ್ಕೆ ಡೈಕ್ ಎನ್ನುತ್ತಾರೆ. ಅಂತರ್ಜಲದ ಹರಿವಿಗೆ ಅದು ಅಡ್ಡ ನಿಲ್ಲಬಲ್ಲದು. ಆಗ ಗೋಡೆಯ ಒಂದು ಮಗ್ಗುಲಲ್ಲಿ ನೀರು, ಇನ್ನೊಂದರಲ್ಲಿ ಬರೀ ಧೂಳು. ಡೈಕ್ ತಾನೇ ಬಿರುಕು ಬಿಟ್ಟಿದ್ದರೆ ನೀರು ಅದರೊಳಗೇ ಸಿಗಬಹುದು. ನಮ್ಮ ಗಟ್ಟಿ ಬಂಡೆಯ ಸೀಮೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಆದ್ದರಿಂದ ಬೋರ್‌ವೆಲ್ಲಿಗೆ ಸಾಲ ಮಾಡುವ ರೈತನಿಗೆ ಈ ವಿದ್ಯೆ ದೂರದ್ದೇನಲ್ಲ.

ಶಿಗ್ಗಾವಿ ಕಡೆ ನನ್ನ ಅಣ್ಣ ಮೂರನೆಯ ಬೋರು ಕೊರೆಸಿದಾಗ ಮೊದಲು ಬೂದು ಹಿಟ್ಟು ಬಂತು, ಆಮೇಲೆ ಕಪ್ಪು. ನೀರು ಬರಲಿಲ್ಲ. ಗಾಡಿಯವರು ಅಡಿಯ ಲೆಕ್ಕ ಬರೆದುಕೊಂಡು ಹಣ ಎಣಿಸಿಕೊಂಡು ಹೋದರು. ಎಷ್ಟನೆಯ ಅಡಿಯಲ್ಲಿ ಕಲ್ಲಿನ ಬಣ್ಣ ಬದಲಾಯಿತೆಂದು ಯಾರೂ ಗುರುತು ಹಾಕಲಿಲ್ಲ. ಪ್ರತಿ ಬೋರಿನ ಈ ವಿವರವನ್ನು ಪಂಚಾಯಿತಿಯಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಲು ಎಷ್ಟು ಖರ್ಚಾದೀತು? ಪಕ್ಕದ ಹೊಲದವರು ಅದೇ ಸಾಲಿನಲ್ಲಿ, ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಜಾಗ ಹುಡುಕುತ್ತಿದ್ದಾರೆ.