ತಂಬೂರಿಯ ತವರು

ಗದಗ ಜಿಲ್ಲೆಯ ಸವಡಿಯಿಂದ ಹೊರಟ ಪಯಣಿಗನು ಎರೆಹೊಲಗಳ ನಡುವೆ ಸಾಗಿ ರೋಣವನ್ನು ಸೇರುತ್ತಾನೆ. ಭೀಮಸೇನ ಜೋಶಿಯವರ ಮನೆತನದ ನಂಟಿರುವ ಊರಿದು. ಈ ಸೀಮೆ ಹಿಂದೂಸ್ತಾನಿ ಸಂಗೀತಕ್ಕೆ ಹಿರಿಯ ಕಂಠಗಳನ್ನು ಕೊಟ್ಟಿತು. ಆ ಕಂಠಗಳಿಗೆ ಶ್ರುತಿಯಾಗುವ ತಂಬೂರಿಯ ತವರನ್ನು ಕಾಣಬೇಕಾದರೆ ಗದಗ, ಹುಬ್ಬಳ್ಳಿ, ಬೆಳಗಾವಿಗಳ ಮಾರ್ಗವಾಗಿ ಮಿರಜಕ್ಕೆ ಹೋಗಬೇಕು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದು ಆ ಗಡಿಯೂರಿನಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಗಂಧರ್ವರ ಶಿಷ್ಯರು ಭೀಮಸೇನರು.

ಮಿರಜದ ವಾದ್ಯಕಾರರ ಪೂರ್ವಜರು ಶಿಕಲಗಾರರು, ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಕಾಲ ಮುಗಿಯುತ್ತ ಬಂದಾಗ ಫರೀದಸಾಹೇಬರು ತಂತಿವಾದ್ಯಗಳನ್ನು ಕಟ್ಟುವ ಕಸುಬನ್ನು ಹಿಡಿದರು.

ಗುರುವಿನ ಹಳೆಯ ತಂಬೂರಿಯನ್ನು ಮುಂದಿಟ್ಟು, ‘ಇಂಥದೇ ಇನ್ನೊಂದು ಬೇಕು’ ಎಂದರೆ ಕುಶಲಿಯು ಏನು ಮಾಡಬೇಕು? ದಂಡಿಯ ಉದ್ದವನ್ನೂ ಬಿರಡೆಗಳ ಅಂತರವನ್ನೂ ಅಳೆಯಬಹುದು. ತೂನ್ ಮರವನ್ನು ಅದೇ ಅಳತೆಗೆ ಕೆತ್ತಬಹುದು. ತೊಡಕಿರುವುದು ಸೋರೆಬುರುಡೆಯಲ್ಲಿ. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದು ಒಣಗಿ ಬರುವ ಬುರುಡೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಅದನ್ನು ನೀರಿನಲ್ಲಿ ನೆನೆಹಾಕಿ, ಕೊಯ್ದು, ಒಳಗಿನ ತಿರುಳನ್ನು ಕೆರೆದು ಒಣಗಿಸಿದ ಬಳಿಕ, ಉಳಿದ ಅಂಗಗಳನ್ನು ಅದಕ್ಕೆ ಹೊಂದಿಸಬೇಕಾಗುತ್ತದೆ.

ಸ್ಪೇನಿನ ಅಂತೋನಿಯೊ ದೆ ತೊರ್ರೆಸನ ಗಿಟಾರುಗಳ ಪ್ರತಿಕೃತಿ ಮಾಡುವವರಿಗೆ ಈ ಕಷ್ಟವಿಲ್ಲ. ಪಕ್ಕದ ಹಲಗೆಗಳನ್ನು ಅಚ್ಚಿಗೆ ಬಗ್ಗಿಸಿದರಾಯಿತು. ನಾದದ ಮೂಲ ಮೇಲಿನ ಹಲಗೆಯೇ ಎಂದು ತೋರಿಸಲು ಆತ 1862ರಲ್ಲಿ ಪಕ್ಕ, ಬೆನ್ನುಗಳನ್ನು ಕಾಗದದ ರಟ್ಟಿನಿಂದಲೇ ಮಾಡಿದ್ದನಂತೆ!

ತಂಬೂರಿಯ ನಾದ ಅರಳುವುದು ಕುದುರೆಯ ಮೇಲೆ. ಅದರ ಬೆನ್ನನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿಯನ್ನು ಮೀಟಿ ಆಲಿಸುವುದು, ಮತ್ತೆ ಉಜ್ಜುವುದು. ಕೊನೆಗೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸರಿಸಿದಾಗ ಝೇಂಕಾರ ಹೊಮ್ಮುತ್ತದೆ. ಆ ಎಳೆಗೆ ‘ಜೀವಾಳ’ವೆಂದು ಹೆಸರು. ಅದರ ನೆಲೆಯನ್ನು ತೋರುವ ಅಳತೆಗೋಲಿಲ್ಲ, ಕಿವಿಯೊಂದೇ ಪ್ರಮಾಣ.

2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರಿಗೆ ಕಾನೂನಿನ ಕಾವಲು ಬಂದಂತಾಯಿತು. ಆದರೆ ಗುಂಡಿ ಒತ್ತಿದರೆ ಶ್ರುತಿ ನುಡಿಯುವ ವಿದ್ಯುತ್ ತಂಬೂರಿಗಳ ಈ ಕಾಲದಲ್ಲಿ ಹಿರಿಯನ ಮಗ್ಗುಲಲ್ಲಿ ವರ್ಷಗಟ್ಟಲೆ ಕುಳಿತು ಕಿವಿಯನ್ನು ಹದಗೊಳಿಸಿಕೊಳ್ಳುವ ಹುಡುಗರು ಬೇಕು. ಅವರಿಲ್ಲದಿದ್ದರೆ ಹಳೆಯ ತಂಬೂರಿಯ ಅಳತೆಗಳೆಲ್ಲ ಉಳಿದಾವು. ಜೀವಾಳವನ್ನು ಸರಿಸುವ ಬೆರಳು ಉಳಿಯದು.