ವಾರ್ನಿಂಗ್ ತಾನೆ, ಬಿಡು ಮಗಾ

"ವಾರ್ನಿಂಗ್ ತಾನೆ, ಎರರ್ ಅಲ್ವಲ್ಲ. ಬಿಡು ಮಗಾ."

ನಮ್ಮ ನಾಲ್ಕು ಜನರ ಟೀಮ್‌ನಲ್ಲಿ ಈ ಮಾತನ್ನ ಮೊದಲು ಹೇಳಿದ್ದು ಯಾರು ಅಂತ ಈಗ ಯಾರೂ ಒಪ್ಪಿಕೊಳ್ಳೋದಿಲ್ಲ. ಆದರೆ ನಾಲ್ಕೂ ಜನ ಹೇಳಿದ್ದೀವಿ ಅನ್ನೋದು ನಿಜ. ಪ್ರೋಗ್ರಾಮ್ ರನ್ ಆಯ್ತು, ಔಟ್‌ಪುಟ್ ಬಂತು, ಮಧ್ಯದಲ್ಲಿ ತಿಳಿಗೆಂಪು ಪಟ್ಟಿಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂತು. ಅದನ್ನ ಓದೋಕೆ ಯಾರಿಗೆ ಟೈಮ್ ಇದೆ? ರೆಕಾರ್ಡ್ ಬರೀಬೇಕು, ಇಂಟರ್ನಲ್ಸ್ ಹತ್ರ ಬಂದಿದೆ, ಮೆಸ್ ಮುಚ್ಚೋ ಮುಂಚೆ ಊಟಕ್ಕೆ ಓಡಬೇಕು.

ಮೂರನೇ ಸೆಮ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಹಾಸ್ಟೆಲ್‌ನ ನೀರಿನ ಬಳಕೆ ಅಳೆಯೋದು. ಪೈಪ್‌ಗೆ ಒಂದು ಸೆನ್ಸರ್, ಅದರಿಂದ ಬಂದ ರೀಡಿಂಗ್‌ಗಳನ್ನ ಪೈಥಾನ್‌ನಲ್ಲಿ ಪಾಂಡಾಸ್ ಲೈಬ್ರರಿ ಬಳಸಿ ಒಂದು ಟೇಬಲ್‌ಗೆ ಹಾಕೋದು, ಕೊನೆಗೆ ಗ್ರಾಫ್. ಟೇಬಲ್‌ಗೆ ಹೊಸ ಸಾಲು ಸೇರಿಸೋಕೆ ಸೀನಿಯರ್‌ಗಳ ಹಳೇ ಕೋಡ್‌ನಿಂದ 'ಅಪೆಂಡ್' ಫಂಕ್ಷನ್ ಎತ್ತಿಕೊಂಡಿದ್ವಿ. ಆ ಸೆಲ್ ರನ್ ಮಾಡಿದಾಗಲೆಲ್ಲ ತಿಳಿಗೆಂಪು ಪಟ್ಟಿ ಬರ್ತಿತ್ತು. ನೋಡೋಕೆ ಚೆನ್ನಾಗಿಲ್ಲ, ಡೆಮೋದಲ್ಲಿ ಮೇಡಂ ಏನಾದ್ರೂ ಕೇಳಿಬಿಟ್ರೆ ಕಷ್ಟ ಅಂತ ನಮ್ಮಲ್ಲೊಬ್ಬ ಹುಡುಕಿ ಒಂದು ಸಾಲು ತಂದ. ಎಲ್ಲಾ ವಾರ್ನಿಂಗ್‌ಗಳನ್ನೂ 'ಇಗ್ನೋರ್' ಮಾಡು ಅಂತ ಪೈಥಾನ್‌ಗೆ ಹೇಳೋ ಸಾಲು. ಅದನ್ನ ಮೊದಲ ಸೆಲ್‌ನಲ್ಲಿ ಅಂಟಿಸಿದ್ವಿ. ಪಟ್ಟಿ ಮಾಯ. ಅವತ್ತು ಅವನಿಗೆ ಕ್ಯಾಂಟೀನ್‌ನಲ್ಲಿ ಟೀ ಕೂಡ ಕೊಡಿಸಿದ್ವಿ.

ಡೆಮೋ ದಿನ ಆ ಲ್ಯಾಪ್‌ಟಾಪ್ ಪ್ರೊಜೆಕ್ಟರ್‌ಗೆ ಕನೆಕ್ಟ್ ಆಗಲೇ ಇಲ್ಲ. ಇನ್ನೊಬ್ಬನ ಲ್ಯಾಪ್‌ಟಾಪ್ ತೆಗೆದ್ವಿ. ಅದನ್ನ ಹಿಂದಿನ ವಾರವಷ್ಟೇ ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದ. ರನ್ ಒತ್ತಿದ್ವಿ. ಡೇಟಾಫ್ರೇಮ್‌ಗೆ 'ಅಪೆಂಡ್' ಅನ್ನೋದೇ ಇಲ್ಲ ಅಂತ ಎರರ್ ಬಂತು.

"ನಿನ್ನೆ ಇತ್ತು ಮೇಡಂ" ಅಂದ್ವಿ.

"ಇವತ್ತು ಇಲ್ವಲ್ಲಪ್ಪ" ಅಂದ್ರು ಮೇಡಂ.

ಕ್ಲಾಸ್ ಪೂರ್ತಿ ನಗ್ತು. ನಾವೂ ನಕ್ಕಹಾಗೆ ಮಾಡಿದ್ವಿ. ಸಂಜೆ ಕೂತು ನೋಡಿದಾಗ ವಿಷಯ ಗೊತ್ತಾಯ್ತು. 2022ರ ಜನವರಿಯಲ್ಲಿ ಬಂದ ಪಾಂಡಾಸ್ 1.4ರಲ್ಲೇ 'ಅಪೆಂಡ್' ಅನ್ನ 'ಡೆಪ್ರಿಕೇಟೆಡ್' ಅಂತ ಘೋಷಿಸಿದ್ರು. 2023ರ ಏಪ್ರಿಲ್‌ನಲ್ಲಿ ಬಂದ 2.0ರಲ್ಲಿ ತೆಗೆದೇ ಹಾಕಿದ್ರು. ಮೊದಲ ಲ್ಯಾಪ್‌ಟಾಪ್‌ನಲ್ಲಿ ಸೀನಿಯರ್ ಪೆನ್‌ಡ್ರೈವ್‌ನಿಂದ ಹಾಕಿಕೊಂಡ ಹಳೇ 1.5 ಇತ್ತು, ಎರಡನೇದರಲ್ಲಿ ಹೊಸದು. ನಾವು ಬಾಯಿ ಮುಚ್ಚಿಸಿದ ಆ ಎರಡು ಸಾಲಿನಲ್ಲಿ ಏನಿತ್ತು ಅಂದ್ರೆ: ಇದು ಮುಂದಿನ ವರ್ಷನ್‌ನಲ್ಲಿ ಇರೋದಿಲ್ಲ, ಬದಲಿಗೆ 'ಕಾನ್‌ಕ್ಯಾಟ್' ಬಳಸಿ. ರೋಗ, ಔಷಧಿ ಎರಡೂ ಅಲ್ಲೇ ಬರೆದಿತ್ತು.

ತೆಗೆದಿದ್ದಕ್ಕೆ ಕಾರಣವೂ ಇತ್ತು. ಪೈಥಾನ್ ಲಿಸ್ಟ್‌ಗೆ ಅಪೆಂಡ್ ಮಾಡಿದ್ರೆ ಕೊನೆಗೆ ಒಂದು ಐಟಂ ಸೇರುತ್ತೆ ಅಷ್ಟೇ. ಪಾಂಡಾಸ್‌ನ ಅಪೆಂಡ್ ಪ್ರತಿ ಸಲವೂ ಇಡೀ ಟೇಬಲ್ಲನ್ನ ಹೊಸದಾಗಿ ಕಾಪಿ ಮಾಡ್ತಿತ್ತು. ಲೂಪ್‌ನಲ್ಲಿ ಒಂದೊಂದೇ ಸಾಲು ಸೇರಿಸಿದ್ರೆ, ಟೇಬಲ್ ದೊಡ್ಡದಾದಷ್ಟೂ ಪ್ರತಿ ಸಾಲಿಗೂ ಹೆಚ್ಚು ಹೆಚ್ಚು ಕೆಲಸ. ನಮ್ಮ ಪ್ರೋಗ್ರಾಮ್ ನಿಧಾನ ಆಗ್ತಾ ಹೋಗೋದಕ್ಕೆ ನಾವು ಲ್ಯಾಪ್‌ಟಾಪ್‌ನ ಬೈತಾ ಇದ್ವಿ. ಹೆಸರು ಒಂದೇ ಇದ್ದಿದ್ದಕ್ಕೆ ಕೆಲಸವೂ ಒಂದೇ ಅನ್ಕೊಂಡಿದ್ವಿ.

ಕನ್ನಡ ಕ್ಲಬ್‌ನಲ್ಲಿ ಈ ಕಥೆ ಹೇಳಿದಾಗ, 'ಡೆಪ್ರಿಕೇಟೆಡ್' ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ ಅನ್ನೋ ಚರ್ಚೆ ಶುರುವಾಯ್ತು. 'ಹಳತಾದದ್ದು' ಅಂದ್ರೆ ಪೂರ್ತಿ ಅರ್ಥ ಬರಲ್ಲ, ಹಳೇದೆಲ್ಲ ಕೆಟ್ಟದ್ದಲ್ಲ. 'ತೆಗೆದುಹಾಕಿದ್ದು' ಅಂದ್ರೆ ತಪ್ಪೇ ಆಗುತ್ತೆ, ಯಾಕಂದ್ರೆ ಅದು ಇನ್ನೂ ಅಲ್ಲೇ ಇದೆ, ಕೆಲಸವೂ ಮಾಡುತ್ತೆ. ಮೂಲ ಲ್ಯಾಟಿನ್‌ನಲ್ಲಿ ಆ ಪದಕ್ಕೆ 'ಕೆಡುಕು ಬಾರದಿರಲಿ ಅಂತ ಬೇಡಿಕೊಳ್ಳೋದು' ಅನ್ನೋ ಅರ್ಥ ಇತ್ತಂತೆ. ಕೊನೆಗೆ ನಮ್ಮಲ್ಲೊಬ್ಬ ಹೇಳಿದ್ದು ಎಲ್ಲರಿಗೂ ಹಿಡಿಸ್ತು: ಊರಿನ ದಾರಿಯಲ್ಲಿ 'ಶಿಥಿಲ ಸೇತುವೆ' ಅಂತ ಬೋರ್ಡ್ ಹಾಕಿರ್ತಾರಲ್ಲ, ಅದೇ. ಸೇತುವೆ ನಿಂತಿದೆ, ಇವತ್ತು ದಾಟಬಹುದು, ಆದರೆ ನಂಬ್ಕೊಂಡು ದಿನಾ ಓಡಾಡಬೇಡಿ. ಬೋರ್ಡ್ ಹಾಕಿದವರು ಒಳ್ಳೆಯವರಾಗಿದ್ರೆ ಪಕ್ಕದಲ್ಲೇ 'ಬದಲಿ ಮಾರ್ಗ' ಅಂತ ಬಾಣದ ಗುರುತೂ ಇರುತ್ತೆ.

ಸೇತುವೆ ಶಿಥಿಲ ಅಂತ ಗೊತ್ತಾದ ದಿನವೇ ಯಾಕೆ ಕೆಡವಲ್ಲ? ಇದಕ್ಕೆ ನಮಗೆಲ್ಲ ಪರಿಚಯ ಇರೋ ಉದಾಹರಣೆ 'ಸಿ' ಭಾಷೆಯ 'ಗೆಟ್ಸ್'. ಫಸ್ಟ್ ಇಯರ್‌ನ ಸ್ಟ್ರಿಂಗ್ ಪ್ರೋಗ್ರಾಮ್‌ಗಳಲ್ಲಿ ನಾವೇ ಬರೆದಿದ್ದೀವಿ. ಗೆಟ್ಸ್‌ಗೆ ನಾವು ಅರೇ ಕೊಡ್ತೀವಿ, ಅದರ ಸೈಜ್ ಕೊಡೋದಿಲ್ಲ, ಕೊಡೋಕೆ ಜಾಗವೇ ಇಲ್ಲ. ಹತ್ತು ಅಕ್ಷರದ ಅರೇಗೆ ಯಾರಾದ್ರೂ ನೂರು ಅಕ್ಷರ ಟೈಪ್ ಮಾಡಿದ್ರೆ ಉಳಿದದ್ದು ಪಕ್ಕದ ಮೆಮೊರಿ ಮೇಲೆ ಹರಿಯುತ್ತೆ. 1988ರ ನವೆಂಬರ್‌ನಲ್ಲಿ ಇಂಟರ್ನೆಟ್‌ನಲ್ಲಿ ಹರಡಿದ ಮೋರಿಸ್ ವರ್ಮ್ ಒಳಗೆ ನುಗ್ಗೋಕೆ ಬಳಸಿದ ದಾರಿಗಳಲ್ಲಿ ಇದೂ ಒಂದು. 'ಫಿಂಗರ್' ಅನ್ನೋ ಸರ್ವಿಸ್‌ನ ಪ್ರೋಗ್ರಾಮ್ ಒಳಗೆ ಗೆಟ್ಸ್ ಇತ್ತು. ಅಪಾಯ ಅಷ್ಟು ಬಹಿರಂಗವಾಗಿ ಗೊತ್ತಾದ ಮೇಲೂ ಸಿ ಸ್ಟ್ಯಾಂಡರ್ಡ್‌ನಿಂದ ಅದನ್ನ ತೆಗೆದದ್ದು 2011ರಲ್ಲಿ. 23 ವರ್ಷ! ಅಷ್ಟು ಹೊತ್ತಿಗೆ ಪ್ರಪಂಚದಲ್ಲಿ ಎಷ್ಟೋ ಕೋಡ್ ಅದರ ಮೇಲೆ ನಿಂತಿತ್ತು. ಒಂದೇ ಸಲ ಎಳೆದ್ರೆ ಅಪಾಯ ಇಲ್ಲದ ಪ್ರೋಗ್ರಾಮ್‌ಗಳೂ ಬೀಳ್ತಿದ್ವು. ಇವತ್ತಿಗೂ ಲಿನಕ್ಸ್‌ನಲ್ಲಿ ಗೆಟ್ಸ್ ಇರೋ ಹಳೇ ಪ್ರೋಗ್ರಾಮ್‌ನ ಲಿಂಕ್ ಮಾಡಿದ್ರೆ, ಇದು ಅಪಾಯಕಾರಿ, ಬಳಸಬಾರದು ಅಂತ ಬರುತ್ತೆ. ಬದಲಿ ಮಾರ್ಗ 'ಎಫ್‌ಗೆಟ್ಸ್'. ಅದಕ್ಕೆ ಸೈಜ್ ಕೊಡಲೇಬೇಕು.

ಆದರೆ ಬೋರ್ಡ್ ಹಾಕಿ ವರ್ಷಗಟ್ಟಲೆ ಸುಮ್ಮನಿದ್ರೂ ಜನ ನಂಬಲ್ಲ. ಜಾವಾದಲ್ಲಿ ಹೀಗೇ ಆಯ್ತು. 1997ರಷ್ಟು ಹಿಂದೆ ಜೆಡಿಕೆ 1.1ರಲ್ಲೇ ಡೆಪ್ರಿಕೇಟೆಡ್ ಅಂತ ಗುರುತು ಹಾಕೋ ವ್ಯವಸ್ಥೆ ಬಂತು. 'ಡೇಟ್' ಕ್ಲಾಸ್‌ನಲ್ಲಿ ವರ್ಷ ಕೇಳಿದ್ರೆ 1900 ಕಳೆದು ಉತ್ತರ ಕೊಡೋ ಒಂದು ಮೆಥಡ್ ಇದೆ, 2025ಕ್ಕೆ 125 ಅನ್ನುತ್ತೆ. ಅವಾಗಿನಿಂದ ಅದರ ಮೇಲೆ ಈ ಗುರುತಿದೆ, ಆದರೂ ಮೆಥಡ್ ಹೋಗಿಲ್ಲ. ಹಾಗಾಗಿ ಯಾವುದು ನಿಜವಾಗ್ಲೂ ಹೋಗುತ್ತೆ, ಯಾವುದು ಸುಮ್ಮನೆ ಗುರುತು ಅಂತ ಯಾರಿಗೂ ತಿಳೀತಿರಲಿಲ್ಲ. 2017ರಲ್ಲಿ ಬಂದ ಜಾವಾ 9ರಲ್ಲಿ ಇದಕ್ಕೆ ಎರಡು ವಿವರ ಸೇರಿಸಿದ್ರು: ಯಾವ ವರ್ಷನ್‌ನಿಂದ ಡೆಪ್ರಿಕೇಟೆಡ್, ಮತ್ತೆ ಮುಂದೆ ತೆಗೆಯೋದು ಖಚಿತವಾ.

ಇಷ್ಟೆಲ್ಲ ಓದಿ ನಾವು ಬುದ್ಧಿವಂತರಾದ್ವಿ ಅಂತ ನೀವು ಅನ್ಕೊಂಡ್ರೆ, ಅಸಲಿ ಕಥೆ ಈಗ ಶುರು.

ನಾಲ್ಕನೇ ಸೆಮ್‌ನಲ್ಲಿ ನಮ್ಮ ಕೋಡ್‌ನ ಚೊಕ್ಕ ಮಾಡಿ ಏಳೆಂಟು ಫಂಕ್ಷನ್‌ಗಳ ಒಂದು ಚಿಕ್ಕ ಲೈಬ್ರರಿ ಮಾಡಿದ್ವಿ. ಜೂನಿಯರ್‌ಗಳಿಗೆ ಉಪಯೋಗ ಆಗ್ಲಿ ಅಂತ ಗಿಟ್ ರೆಪೊಸಿಟರಿಯಲ್ಲಿ ಹಾಕಿದ್ವಿ. ನಾಲ್ಕೈದು ಟೀಮ್ ತಗೊಂಡ್ರು. ನಮಗೆ ಒಳಗೊಳಗೇ ಜಂಬ. ಅದರಲ್ಲಿ ನೀರಿನ ಹರಿವು ಹೇಳೋ ಒಂದು ಫಂಕ್ಷನ್ ಇತ್ತು, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಕೊಡ್ತಿತ್ತು. ಒಂದು ರಾತ್ರಿ ನಮಗೆ ಜ್ಞಾನೋದಯ ಆಯ್ತು: ಸೆಕೆಂಡಿಗೆ ಲೀಟರ್ ಅಂತ ಇದ್ರೆ ನೀಟಾಗಿರುತ್ತೆ. ಬದಲಾಯಿಸಿದ್ವಿ, ಪುಶ್ ಮಾಡಿದ್ವಿ, ಮಲಗಿದ್ವಿ. ಫಂಕ್ಷನ್ ಹೆಸರು ಅದೇ. ಯಾರಿಗೂ ಹೇಳಲಿಲ್ಲ.

ಮೂರ್ನಾಲ್ಕು ದಿನ ಆದ್ಮೇಲೆ ಒಬ್ಬ ಜೂನಿಯರ್ ರೂಮಿಗೆ ಬಂದ. ಬಾಗಿಲಲ್ಲೇ ನಿಂತಿದ್ದ. "ಅಣ್ಣ, ಎರಡು ದಿನದಿಂದ ನೋಡ್ತಾ ಇದೀನಿ, ನನ್ ಕೋಡ್‌ನಲ್ಲಿ ತಪ್ಪೆಲ್ಲಿದೆ ಅಂತ ಸಿಗ್ತಾನೇ ಇಲ್ಲ. ನಂಗೆ ಬೇಸಿಕ್ಸೇ ಸರಿ ಇಲ್ಲ ಅನ್ಸುತ್ತೆ."

ಅವನ ಪ್ರಾಜೆಕ್ಟ್ ಒಂದು ಬ್ಲಾಕ್‌ಗೆ ದಿನಕ್ಕೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕೋದು. ಪ್ರೆಸೆಂಟೇಷನ್ ಹಿಂದಿನ ರಾತ್ರಿ ನಮ್ಮ ರೆಪೊದಿಂದ ಹೊಸದನ್ನ ಪುಲ್ ಮಾಡಿಕೊಂಡಿದ್ದ. ಅಲ್ಲಿಯವರೆಗೆ 12,000 ಲೀಟರ್ ಬರ್ತಿದ್ದದ್ದು ಬೆಳಿಗ್ಗೆ 200 ಲೀಟರ್ ಆಗಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಗ್ರಾಫ್ ಕೂಡ ಚೆನ್ನಾಗೇ ಬಂದಿತ್ತು. ಸರ್ ಕೇಳಿದ್ರಂತೆ, "ಇಡೀ ಬ್ಲಾಕ್‌ಗೆ ದಿನಕ್ಕೆ 200 ಲೀಟರ್ ಸಾಕೇನಪ್ಪಾ, ಯಾರೂ ಸ್ನಾನ ಮಾಡಲ್ವಾ?" ಅವನ ಹತ್ರ ಉತ್ತರ ಇರಲಿಲ್ಲ.

12,000 ಭಾಗಿಸು 60. ನಮಗೆ ಎರಡು ನಿಮಿಷದಲ್ಲಿ ಗೊತ್ತಾಯ್ತು. ಒಬ್ಬರ ಮುಖ ಒಬ್ಬರು ನೋಡಿದ್ವಿ. ನಿಜ ಹೇಳ್ಬೇಕಂದ್ರೆ, ಸುಮ್ಮನೆ ಫಿಕ್ಸ್ ಮಾಡಿ 'ಈಗ ಸರಿ ಹೋಯ್ತು ನೋಡು' ಅಂತ ಕಳಿಸಿಬಿಡೋಣ ಅಂತ ಒಂದು ಕ್ಷಣ ಅನ್ನಿಸ್ತು. ಅವನಿಗೆ ಗೊತ್ತೇ ಆಗ್ತಿರಲಿಲ್ಲ. ಆದರೆ ತನಗೆ ಬೇಸಿಕ್ಸ್ ಬರಲ್ಲ ಅನ್ನೋ ನಂಬಿಕೆ ಇಟ್ಕೊಂಡೇ ವಾಪಸ್ ಹೋಗ್ತಿದ್ದ. ನಮ್ಮಲ್ಲೊಬ್ಬ ಬಾಯಿಬಿಟ್ಟ: "ತಪ್ಪು ನಿಂದಲ್ಲ ಕಣೋ, ನಮ್ದು."

ಮರುದಿನ ಅವನ ಜೊತೆ ಹೋಗಿ ಸರ್‌ಗೂ ಹೇಳಿದ್ವಿ. ಇನ್ನೊಂದು ಸಲ ತೋರಿಸೋಕೆ ಬಿಟ್ರು. ಆದರೆ ಎಲ್ಲರ ಮುಂದೆ ಅವನು ನಿಂತ ಆ ಐದು ನಿಮಿಷವನ್ನ ನಾವು ವಾಪಸ್ ಕೊಡೋಕೆ ಆಗ್ಲಿಲ್ಲ. ನಮ್ಮ ಡೆಮೋ ನೆನಪಾಯ್ತು. ಪಾಂಡಾಸ್‌ನವರು 15 ತಿಂಗಳು ಮುಂಚೆ ಹೇಳಿದ್ರು, ನಾವು ಕೇಳಿಸಿಕೊಳ್ಳಲಿಲ್ಲ. ನಾವು ಅವನಿಗೆ ಒಂದು ರಾತ್ರಿ ಕೂಡ ಮುಂಚೆ ಹೇಳಿರಲಿಲ್ಲ. ಅವರ ಕೋಡ್ ಎರರ್ ಕೊಟ್ಟು ನಿಂತಿತು. ನಮ್ಮದು ಸುಳ್ಳು ಉತ್ತರ ಕೊಟ್ಟು ಓಡ್ತಾ ಇತ್ತು.

ಅವತ್ತೇ ಕೂತು ಸರಿ ಮಾಡಿದ್ವಿ. ಹಳೇ ಫಂಕ್ಷನ್‌ನ ಹಳೇ ಅಳತೆಗೇ ವಾಪಸ್ ತಂದ್ವಿ. ಸೆಕೆಂಡಿನ ಲೆಕ್ಕಕ್ಕೆ ಹೊಸ ಫಂಕ್ಷನ್, ಹೆಸರಿನಲ್ಲೇ 'ಪರ್ ಸೆಕೆಂಡ್'. ಹಳೇದನ್ನ ಕರೆದ್ರೆ ಒಂದು ಡೆಪ್ರಿಕೇಷನ್ ವಾರ್ನಿಂಗ್. ಟೆಸ್ಟ್ ಮಾಡಿದ್ರೆ ವಾರ್ನಿಂಗ್ ಬರಲೇ ಇಲ್ಲ! ಮತ್ತೆ ಓದಿದ್ವಿ. ಪೈಥಾನ್ ಈ ಜಾತಿಯ ವಾರ್ನಿಂಗ್‌ನ ಸಾಮಾನ್ಯವಾಗಿ ತೋರಿಸೋದಿಲ್ಲ. ಒಂದು ಆ್ಯಪ್ ಬಳಸೋರಿಗೆ, ಅದರೊಳಗಿನ ಯಾವುದೋ ಲೈಬ್ರರಿಯ ಫಂಕ್ಷನ್ ಹಳೇದಾಯ್ತು ಅಂತ ಹೇಳಿ ಏನು ಪ್ರಯೋಜನ? ಅವರು ಏನೂ ಮಾಡೋಕಾಗಲ್ಲ. ಅದಕ್ಕೇ 2018ರ ಪೈಥಾನ್ 3.7ರಿಂದ, ನಾವೇ ನೇರವಾಗಿ ರನ್ ಮಾಡ್ತಿರೋ ಫೈಲ್‌ನಲ್ಲಿ ಹಳೇ ಫಂಕ್ಷನ್ ಕರೆದಿದ್ರೆ ಮಾತ್ರ ತೋರಿಸುತ್ತೆ. ನಮ್ಮ ವಾರ್ನಿಂಗ್ ನಮ್ಮ ಲೈಬ್ರರಿ ಒಳಗಿನ ಸಾಲನ್ನೇ ತೋರಿಸ್ತಿತ್ತು, ಹಾಗಾಗಿ ಅಡಗಿಹೋಗಿತ್ತು. 'ಸ್ಟ್ಯಾಕ್‌ಲೆವೆಲ್' ಅನ್ನೋ ಆರ್ಗ್ಯುಮೆಂಟ್‌ನ 2 ಮಾಡಿದ್ರೆ, ಫಂಕ್ಷನ್ ಕರೆದವರ ಸಾಲನ್ನ ತೋರಿಸುತ್ತೆ. ಆಗ ಬಂತು. ಜೂನಿಯರ್‌ನ ನೋಟ್‌ಬುಕ್‌ನಲ್ಲಿ, ಅವನು ಬದಲಾಯಿಸಬೇಕಾದ ಸಾಲಿನ ನಂಬರ್ ಸಮೇತ.

ವಾರ್ನಿಂಗ್‌ನ ಮಾತನ್ನ ನಾವು ಕನ್ನಡದಲ್ಲೇ ಬರೆದ್ವಿ. ಪೈಥಾನ್‌ಗೆ ಅದರಿಂದ ಏನೂ ತೊಂದರೆ ಇಲ್ಲ: "ಈ ಫಂಕ್ಷನ್ ವರ್ಷನ್ 2ರಿಂದ ಡೆಪ್ರಿಕೇಟೆಡ್, ಮುಂದಿನ ಸೆಮ್‌ನಲ್ಲಿ ಇರಲ್ಲ. ಬದಲಿಗೆ 'ಫ್ಲೋ ಪರ್ ಸೆಕೆಂಡ್' ಬಳಸಿ. ಹುಷಾರ್, ಅಳತೆ ಬೇರೆ: ಇಲ್ಲಿ ನಿಮಿಷಕ್ಕೆ ಲೀಟರ್, ಅಲ್ಲಿ ಸೆಕೆಂಡಿಗೆ." ಏನು ಹೋಗುತ್ತೆ, ಯಾವಾಗ ಹೋಗುತ್ತೆ, ಬದಲಿಗೆ ಏನು, ಬದಲಾಯಿಸುವಾಗ ಎಲ್ಲಿ ಎಡವಬಹುದು. ಇಷ್ಟು ಹೇಳೋಕೆ ನಮಗೆ ಹಿಡಿದದ್ದು ಹತ್ತು ನಿಮಿಷ.

ಎರಡು ವಾರ ಬಿಟ್ಟು ಅದೇ ಜೂನಿಯರ್ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ತಿಳಿಗೆಂಪು ಪಟ್ಟಿ, ಅದರ ಮೇಲೆ ನಮ್ಮ ಕನ್ನಡ. ಕೆಳಗೆ "ಅಣ್ಣ, ಓದಿ ಚೇಂಜ್ ಮಾಡ್ದೆ. ಉತ್ತರ ಸರಿ ಇದೆ, ಕೈಯಲ್ಲಿ ಲೆಕ್ಕ ಹಾಕೂ ನೋಡ್ದೆ" ಅಂತ ಬರೆದಿದ್ದ. ನಮ್ಮ ಮೇಲೆ ಪೂರ್ತಿ ನಂಬಿಕೆ ಇಟ್ಟಿಲ್ಲ ಅಂತ ಖುಷಿ ಆಯ್ತು.

ನಿಮ್ಮ ಪ್ರಾಜೆಕ್ಟ್ ನೋಟ್‌ಬುಕ್‌ನ ಮೊದಲ ಸೆಲ್ ಒಂದ್ಸಲ ತೆಗೆದು ನೋಡಿ. ಯಾವುದೋ ಸೀನಿಯರ್‌ನಿಂದ ಬಂದ ಆ 'ಇಗ್ನೋರ್' ಸಾಲು ಇದ್ರೆ, ಇವತ್ತು ರಾತ್ರಿ ಅದನ್ನ ಕಾಮೆಂಟ್ ಮಾಡಿ ರನ್ ಮಾಡಿ. ಬರೋದನ್ನೆಲ್ಲ ಇವತ್ತೇ ಸರಿ ಮಾಡ್ಬೇಕಂತಿಲ್ಲ. ಆದರೆ ಡೆಮೋ ಮುಂಚೆ ಓದಿರಿ. ಆ ಸಾಲು ನಮ್ಮಿಂದಲೇ ನಿಮಗೆ ಬಂದಿದ್ರೆ ಕ್ಷಮಿಸಿ, ನಮ್ಮ ಹಳೇ ಕೋಡ್ ಇನ್ನೂ ಎಷ್ಟು ಜನರ ಹತ್ರ ಓಡಾಡ್ತಿದೆಯೋ ನಮಗೇ ಲೆಕ್ಕ ಇಲ್ಲ.